ಒಳ್ಳೆ ಕೆಲಸಕ್ಕೆ 50 ಕಿ.ಮೀ. ಓಡುವುದು ಹೇಗೆ: ಉಡುಪಿ ಕಡಲ ಬದಿಯ ಪಡುಕೆರೆ ರಸ್ತೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಮೊದಲ ವರ್ಷ ಕಟಪಾಡಿಯ ದೊಡ್ಡಮ್ಮನಿಗೆ ಫೋನ್ ಮಾಡಿ, ನಾನು 50 ಕಿ.ಮೀ. ಓಡ್ತೇನೆ, ಒಂದು ಟ್ರಸ್ಟಿಗೆ ಸ್ವಲ್ಪ ಹಣ ಕೊಡಿ ಎಂದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀನು ಓಡುವುದಕ್ಕೆ ನಾನ್ಯಾಕೆ ದುಡ್ಡು ಕೊಡಬೇಕು ಮಾರಾಯ? ಬಸ್ಸಿಗೆ ಕೊಟ್ಟರೆ ಕೂತುಕೊಂಡೇ ಹೋಗಬಹುದಲ್ಲ" ಎಂದರು.

ನಗು ಬಂತು, ಉತ್ತರ ಬರಲಿಲ್ಲ. ಆ ವರ್ಷ ಕೂಡಿದ್ದು ಒಟ್ಟು 18,400 ರೂಪಾಯಿ. ಮರುವರ್ಷ ಅದೇ ಕಾಲು, ಅದೇ ದೂರ, ಅದೇ ನೆಂಟರು. ಕೂಡಿದ್ದು 1,48,700. ನಡುವೆ ನಾನೇನೂ ಜೋರಾಗಿ ಓಡುವುದನ್ನು ಕಲಿಯಲಿಲ್ಲ, ನಿಜ ಹೇಳಬೇಕೆಂದರೆ ಹನ್ನೆರಡು ನಿಮಿಷ ನಿಧಾನವೇ ಆಯಿತು. ಕಲಿತದ್ದು ಕೇಳುವುದನ್ನು. ಹಾಗಾಗಿ ಈ ಬರಹದಲ್ಲಿ ಕಾಲಿನ ಮಾತು ಎಷ್ಟಿದೆಯೋ ಕೈಚಾಚುವ ಮಾತೂ ಅಷ್ಟೇ ಇದೆ. ಬರೀ ಓಟದ ವೇಳಾಪಟ್ಟಿ ಬೇಕಾದವರು ನಾಲ್ಕನೇ ಹೆಜ್ಜೆಗೆ ಹಾರಬಹುದು.

ಇಂಥ 50 ಕಿ.ಮೀ. ಓಟಕ್ಕೆ ಅಲ್ಟ್ರಾ ಎನ್ನುತ್ತಾರೆ, ದೊಡ್ಡ ರಹಸ್ಯವೇನಲ್ಲ. ಮ್ಯಾರಥಾನ್ 42.195 ಕಿ.ಮೀ., ಅದಕ್ಕಿಂತ ಜಾಸ್ತಿ ಇರುವುದೆಲ್ಲ ಅಲ್ಟ್ರಾ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟ 1921ರಲ್ಲಿ ಶುರುವಾದದ್ದು, ಸುಮಾರು 90 ಕಿ.ಮೀ., ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ. ನಮ್ಮ ಘಟ್ಟದ ಮೇಲೆ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ನಡೆಯುತ್ತದೆ. ಅವೆಲ್ಲ ಚೆಂದ. ಆದರೆ ದಾನಕ್ಕೆ ಹಣ ಕೂಡಿಸುವುದಕ್ಕೆ ಮೊದಲ ಸಲ ದೂರದ ದೊಡ್ಡ ಓಟಕ್ಕೆ ಹೋಗಬೇಡಿ ಎನ್ನುವುದು ನನ್ನ ಅಭಿಪ್ರಾಯ. ಪ್ರವೇಶ ಶುಲ್ಕ, ಪ್ರಯಾಣ, ರೂಮು ಸೇರಿ ಹದಿನೈದು ಸಾವಿರ ದಾಟುತ್ತದೆ. ಆಗ ಯಾರಾದರೂ "ಅದನ್ನೇ ಕೊಟ್ಟಿದ್ದರೆ ಆಗ್ತಿತ್ತಲ್ಲ" ಎಂದು ಕೇಳಿಯೇ ಕೇಳುತ್ತಾರೆ, ಮತ್ತು ಅವರು ಕೇಳುವುದು ಸರಿ. ಊರಲ್ಲೇ, ಜನ ಬಂದು ನೋಡುವಂತೆ ಓಡಿ.

ಯಾರು ಓಡಬಹುದು? ಒಂದೆರಡು ಸಲವಾದರೂ 21 ಕಿ.ಮೀ. ಮುಗಿಸಿದವರು. ಇಲ್ಲದಿದ್ದರೆ ಇನ್ನೊಂದು ವರ್ಷ ತೆಗೆದುಕೊಳ್ಳಿ, ಸಮುದ್ರ ಎಲ್ಲಿಗೂ ಹೋಗುವುದಿಲ್ಲ. ನಲವತ್ತು ದಾಟಿದವರು, ಶುಗರ್, ಬಿಪಿ ಇರುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೆ ಹೃದಯದ ತೊಂದರೆ ಬಂದಿರುವವರು ಮೊದಲು ಡಾಕ್ಟರ ಹತ್ತಿರ ಹೋಗಿ, ಅವರು ಹೇಳಿದರೆ ಇಸಿಜಿ, ಟಿಎಂಟಿ ಎಂಬ ಹೃದಯದ ಪರೀಕ್ಷೆ ಮಾಡಿಸಿ.

ಹೆಜ್ಜೆ 1: ಯಾರಿಗೆ, ಯಾತಕ್ಕೆ, ಎಷ್ಟು

ಕೃಷ್ಣಾಷ್ಟಮಿಗೆ ಉಡುಪಿಯಲ್ಲಿ ವೇಷ ನೋಡಿದ್ದೀರಲ್ವಾ? ರವಿ ಕಟಪಾಡಿ ಪ್ರತಿ ಸಲ ಒಂದೊಂದು ವೇಷ ಹಾಕಿ, ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಿದವರು, ಕಟ್ಟಡ ಕೆಲಸ ಮಾಡಿ ಬದುಕುವ ಮನುಷ್ಯ. ಅವರ ವೇಷ ನೋಡಿ ಜನ ನಿಲ್ಲುತ್ತಾರೆ. ಆದರೆ ಡಬ್ಬಿಗೆ ನೋಟು ಹಾಕಿಸುವುದು ವೇಷ ಅಲ್ಲ, ಮಗು. ಇದು ತಲೆಗೆ ಹೋಗಲು ನನಗೆ ಒಂದು ವರ್ಷ ಬೇಕಾಯಿತು. ನಿಮ್ಮ 50 ಕಿ.ಮೀ. ಕೂಡ ಒಂದು ವೇಷ. ಅದನ್ನು ನೋಡಿ ನಿಂತವರಿಗೆ ತೋರಿಸಲು ನಿಮ್ಮ ಹತ್ತಿರ ಏನಿದೆ?

"ಬಡವರಿಗೆ", "ಶಿಕ್ಷಣಕ್ಕೆ" ಎಂದರೆ ಯಾರಿಗೂ ಏನೂ ಕಾಣುವುದಿಲ್ಲ. ನಾನು ಆರಿಸಿಕೊಂಡದ್ದು ಡಯಾಲಿಸಿಸ್‌ಗೆ ಹೋಗಿಬರುವವರ ದಾರಿ ಖರ್ಚು. ಕಿಡ್ನಿ ಕೈಕೊಟ್ಟವರು ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಆ ಯಂತ್ರದ ಪಕ್ಕ ಮಲಗಬೇಕು. ಡಯಾಲಿಸಿಸ್ ಉಚಿತವಾಗಿ ಸಿಕ್ಕಿದರೂ ಹಳ್ಳಿಯಿಂದ ರಿಕ್ಷಾ, ಆಮೇಲೆ ಸರ್ವಿಸ್ ಬಸ್ಸು, ಜೊತೆಗೊಬ್ಬರು, ವಾಪಸು ಬರುವಾಗ ತಲೆ ತಿರುಗುತ್ತದೆಂದು ಮತ್ತೆ ರಿಕ್ಷಾ. ನಾನು ಮಾತಾಡಿಸಿದ ಟ್ರಸ್ಟಿನ ಲೆಕ್ಕದಲ್ಲಿ ಒಂದು ಸಲಕ್ಕೆ 300 ರೂಪಾಯಿ. ವಾರಕ್ಕೆ ಎರಡು ಸಲ ಎಂದರೆ ವರ್ಷಕ್ಕೆ 104 ಸಲ, 31,200 ರೂಪಾಯಿ. ಐದು ಜನಕ್ಕೆ 1,56,000. ನನ್ನ ಗುರಿ ಹುಟ್ಟಿದ್ದು ಹೀಗೆ. "ಒಂದು ಲಕ್ಷ ಮಾಡುವ" ಎಂದು ಸುಮ್ನೆ ಗಾಳಿಗೆ ಹೇಳಿದ ಅಂಕಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಎಂದು ಕೇಳುವಾಗ ಗೊತ್ತಾಗುತ್ತದೆ. ನಿಮ್ಮದು ಅಂಗನವಾಡಿಯ ಶೌಚಾಲಯ ಇರಬಹುದು, ಎಂಡೋಸಲ್ಫಾನ್ ಕೀಟನಾಶಕ ಪೀಡಿತರ ಮನೆಗೆ ಬೇಕಾದ ಗಾಲಿ ಕುರ್ಚಿ ಇರಬಹುದು. ಒಂದು ಬೆಲೆ, ಒಂದು ವಸ್ತು ಇರಲಿ.

1980ರಲ್ಲಿ ಕೆನಡಾದ ಟೆರಿ ಫಾಕ್ಸ್, ಕ್ಯಾನ್ಸರ್‌ಗೆ ಒಂದು ಕಾಲು ಕಳೆದುಕೊಂಡ ಹುಡುಗ, ಕೃತಕ ಕಾಲಲ್ಲಿ 143 ದಿನ 5,373 ಕಿ.ಮೀ. ಓಡಿದ. ಅವನು ಕೇಳಿದ್ದು ದೇಶದ ಪ್ರತಿಯೊಬ್ಬರಿಂದ ಒಂದು ಡಾಲರ್. ಕೇಳಿದ ಕೂಡಲೇ ಮಗುವಿಗೂ ಅರ್ಥವಾಗುವ ಲೆಕ್ಕ.

ಹೆಜ್ಜೆ 2: ಹಣ ನಿಮ್ಮ ಖಾತೆಗೆ ಬರಬಾರದು

ಮೊದಲ ವರ್ಷ ನಾನು ನನ್ನದೇ ಫೋನ್ ನಂಬರ್ ಕೊಟ್ಟು ಯುಪಿಐಯಲ್ಲಿ ಹಾಕಿಸಿಕೊಂಡೆ. ತಿಂಗಳ ಕೊನೆಗೆ ನೋಡಿದರೆ ಸಂಬಳ, ಹಾಲಿನ ಲೆಕ್ಕ, ದಾನ ಎಲ್ಲ ಒಂದೇ ಪಾತ್ರೆಯಲ್ಲಿ. ಚಿಕ್ಕಪ್ಪ ಒಬ್ಬರು ರಸೀದಿ ಕೇಳಿದರು. ಎಲ್ಲಿಂದ ಕೊಡಲಿ? ಯಾರೂ ನನ್ನ ಮೇಲೆ ಸಂಶಯ ಪಡಲಿಲ್ಲ, ಆದರೆ ಸಂಶಯ ಪಡುವ ಅವಕಾಶ ನಾನೇ ಮಾಡಿಕೊಟ್ಟಿದ್ದೆ.

ನೇರ ಟ್ರಸ್ಟಿನ ಖಾತೆಗೆ, ಟ್ರಸ್ಟಿನದೇ ಕ್ಯೂಆರ್ ಕೋಡಿಗೆ ಹಾಕಿಸಿ. ಮಿಲಾಪ್, ಕೆಟ್ಟೋ ತರದ, ಆನ್‌ಲೈನಿನಲ್ಲಿ ಹಣ ಕೂಡಿಸುವ ವೇದಿಕೆಗಳೂ ಇವೆ, ಅವರು ಎಷ್ಟು ಕಡಿತ ಮಾಡುತ್ತಾರೆ ಎಂದು ಮೊದಲೇ ಓದಿಕೊಳ್ಳಿ. ಸಣ್ಣ ಊರಿನ ಓಟಕ್ಕೆ ಟ್ರಸ್ಟಿನ ಕ್ಯೂಆರ್ ಸಾಕು. ಕೊಡುವವರಿಗೆ ನೋಟ್ ಜಾಗದಲ್ಲಿ "ಓಟ" ಎಂದು ಬರೆಯಲು ಹೇಳಿ, ಆಮೇಲೆ ಲೆಕ್ಕ ಬೇರೆ ಮಾಡಲು ಸುಲಭ.

ಟ್ರಸ್ಟಿನ ಕಚೇರಿಗೆ ನೀವೇ ಹೋಗಿ ಕೂತು ಕೇಳಬೇಕಾದ್ದು ಕೆಲವಿದೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ (80ಜಿ ಎಂದೇ ಪರಿಚಿತ) ಇದೆಯಾ, ಈಗಲೂ ಚಾಲ್ತಿಯಲ್ಲಿದೆಯಾ? ಇದ್ದರೆ ಹಳೇ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೆ ರಿಯಾಯಿತಿ ಸಿಗುತ್ತದೆ, ಸಾಮಾನ್ಯವಾಗಿ ಕೊಟ್ಟದ್ದರ ಅರ್ಧಕ್ಕೆ. ಹೊಸ ಪದ್ಧತಿಯವರಿಗೆ ಇಲ್ಲ, ಸುಮ್ನೆ ಆಸೆ ತೋರಿಸಬೇಡಿ. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೂ ರಿಯಾಯಿತಿ ಇಲ್ಲ. ದಾನಿಯ ಹೆಸರು, ವಿಳಾಸ, ಪ್ಯಾನ್ ನಂಬರ್ ಮೂರೂ ಟ್ರಸ್ಟಿಗೆ ಬೇಕಾಗುತ್ತದೆ. ಕಂಪನಿಗಳು ಸಮಾಜ ಸೇವೆಗೆಂದು ತೆಗೆದಿಡುವ ಸಿಎಸ್‌ಆರ್ ಹಣ ಕೇಳುವ ಯೋಚನೆ ಇದ್ದರೆ ಟ್ರಸ್ಟ್ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು.

ಇನ್ನೊಂದು ನಮ್ಮ ಕರಾವಳಿಯವರಿಗೆ ಬಹಳ ಮುಖ್ಯ. ನಮ್ಮಲ್ಲಿ ಪ್ರತಿ ಮನೆಗೂ ಗಲ್ಫಿನಲ್ಲೊಬ್ಬರು ಇದ್ದಾರೆ. ಭಾರತದ ಪಾಸ್‌ಪೋರ್ಟ್ ಇರುವವರು ದುಬೈಯಲ್ಲಿದ್ದರೂ ತಮ್ಮ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಎಂದಾಗುವುದಿಲ್ಲ. ಆದರೆ ಕೆನಡಾದ, ಅಮೆರಿಕದ ಪೌರತ್ವ ತೆಗೆದುಕೊಂಡ ಭಾವ, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದ್ದರೂ ಸರಿ, ಕೊಟ್ಟರೆ ಅದು ವಿದೇಶಿ ದೇಣಿಗೆ. ಅದನ್ನು ತೆಗೆದುಕೊಳ್ಳಲು ಟ್ರಸ್ಟಿಗೆ ವಿದೇಶಿ ದೇಣಿಗೆ ಕಾಯ್ದೆಯಡಿ ಎಫ್‌ಸಿಆರ್‌ಎ ನೋಂದಣಿ ಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ಸಣ್ಣ ಟ್ರಸ್ಟುಗಳಿಗೆ ಇದು ಇರುವುದು ಕಡಿಮೆ. ಗೊತ್ತಿಲ್ಲದೆ ಹಾಕಿಸಿದರೆ ಉಪಕಾರ ಮಾಡಲು ಹೋಗಿ ಟ್ರಸ್ಟಿಗೇ ನೋಟಿಸ್ ತರಿಸಿದ ಹಾಗೆ.

ಶೂ, ಟಾರ್ಚ್, ಬ್ಯಾನರ್, ಬಂದವರಿಗೆ ಚಾ, ಬನ್ಸ್, ಎಲ್ಲ ನಿಮ್ಮ ಕಿಸೆಯಿಂದ. ದಾನದ ಹಣದಲ್ಲಿ ಹತ್ತು ರೂಪಾಯಿಯ ನೀರಿನ ಬಾಟಲಿಯೂ ಬೇಡ. ನನಗೆ ಎರಡನೇ ವರ್ಷ ಶೂ ಸೇರಿ ಸುಮಾರು 13,000 ಆಯಿತು.

ಹೆಜ್ಜೆ 3: ದಾರಿ

ಎಲ್ಲರಿಗೂ ಮೊದಲು ಹೊಳೆಯುವುದು ಮಂಗಳೂರಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡುವುದು. ಐವತ್ತು ದಾಟುತ್ತದೆ, ಹೆಸರೂ ಚೆನ್ನಾಗಿದೆ. ಬೇಡ. ಪಣಂಬೂರಿನ ಬಂದರಿಗೆ ಹೋಗಿಬರುವ ಲಾರಿಗಳು, ಕೂಳೂರು, ಮೂಲ್ಕಿ ಸೇತುವೆಗಳು, ಇದ್ದಕ್ಕಿದ್ದಂತೆ ಮುಗಿದುಹೋಗುವ ಸರ್ವಿಸ್ ರಸ್ತೆ, ಮತ್ತೆ ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳು. ಅವು ಹೇಗೆ ಬರುತ್ತವೆ ಎಂದು ನಿಮಗೆ ನಾನು ಹೇಳಬೇಕಾ?

ನಾನು ಓಡಿದ್ದು ಮಲ್ಪೆ ಸೇತುವೆ ದಾಟಿ ಪಡುಕೆರೆಯಿಂದ ಮಟ್ಟು ಕಡೆಗೆ ಹೋಗುವ ಕಡಲ ಬದಿಯ ರಸ್ತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ತೆಂಗಿನ ತೋಟ, ಅದರಾಚೆ ಹೊಳೆ. ಏರು ಇಳಿತ ಇಲ್ಲ. 5 ಕಿ.ಮೀ. ಹೋಗಿ ತಿರುಗಿ ಬಂದರೆ ಒಂದು ಸುತ್ತು 10, ಐದು ಸುತ್ತಿಗೆ 50. ಸುತ್ತು ಹಾಕುವುದು ಬೇಜಾರು ಎನ್ನುವವರಿದ್ದಾರೆ. ಆದರೆ ಒಂದೇ ಮೇಜಿನಲ್ಲಿ ನೀರು, ಊಟ, ಔಷಧಿ ಇಟ್ಟರೆ ಸಾಕು, ಬಿದ್ದರೂ ಎದ್ದರೂ ಗೊತ್ತಿದ್ದವರ ಹತ್ತಿರವೇ ಇರುತ್ತೀರಿ. ಮುಖ್ಯವಾಗಿ, ಬೆಳಿಗ್ಗೆ ಬಂದ ಜನ ನಿಮ್ಮ ಜೊತೆ ಒಂದು ಕಿಲೋಮೀಟರ್ ನಡೆಯಬಹುದು. ಮಂಗಳೂರಿನವರಿಗೆ ಮಂಗಳಾ ಸ್ಟೇಡಿಯಂನ 400 ಮೀಟರ್ ಟ್ರ್ಯಾಕ್ ಇದೆ, 125 ಸುತ್ತು. ಮಾಡುವವರಿಗೆ ದೊಡ್ಡ ನಮಸ್ಕಾರ.

ಪೊಲೀಸ್ ಠಾಣೆಗೆ ಮತ್ತು ಗ್ರಾಮ ಪಂಚಾಯಿತಿಗೋ ನಗರಸಭೆಗೋ ಒಂದು ತಿಂಗಳ ಮೊದಲೇ ಪತ್ರ ಕೊಡಿ. ಒಬ್ಬರೇ ಓಡುವುದಾದರೂ ಕೊಡಿ. ರಾತ್ರಿ ಒಂದು ಗಂಟೆಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ಓಡುವವನನ್ನು ನೋಡಿ ಬೀಟ್ ಪೊಲೀಸರು ಏನೆಂದುಕೊಳ್ಳಬೇಕು ಪಾಪ. ಮೈಕ್ ಬೇಡವೇ ಬೇಡ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧ ಇದೆ, ಅದೂ ಅಲ್ಲದೆ ಅಲ್ಲಿ ಮಲಗಿರುವವರು ಬೆಳಗ್ಗಿನ ಜಾವ ದೋಣಿಗೆ ಹೋಗಬೇಕಾದವರು.

ಹೆಜ್ಜೆ 4: ಇಪ್ಪತ್ತನಾಲ್ಕು ವಾರ

ಓಟ ಜನವರಿಯಲ್ಲಿ ಇಟ್ಟುಕೊಳ್ಳಿ. ನಮ್ಮಲ್ಲಿ ಸೆಕೆ ಸ್ವಲ್ಪ ಕಡಿಮೆ ಇರುವ ತಿಂಗಳು ಅದು, ಮುಂಬೈ, ಗಲ್ಫಿನವರೂ ಕೋಲ, ಮದುವೆ ಎಂದು ಊರಲ್ಲಿರುತ್ತಾರೆ. ಹಿಂದಕ್ಕೆ ಎಣಿಸಿದರೆ ತಯಾರಿ ಶುರುವಾಗುವುದು ಆಟಿ ತಿಂಗಳ (ಜುಲೈ, ಆಗಸ್ಟ್) ಮಳೆಯಲ್ಲಿ. ಮಳೆಯಲ್ಲಿ ಓಡುವುದಕ್ಕೆ ಹೆದರಬೇಡಿ, ಸಿಡಿಲಿಗೆ ಹೆದರಿ. ತೊಡೆಸಂದಿ, ಕಂಕುಳು, ಮೊಲೆತೊಟ್ಟಿಗೆ ವ್ಯಾಸಲೀನ್ ಹಚ್ಚದೆ ಹೊರಟರೆ ಸ್ನಾನಕ್ಕೆ ನೀರು ಬಿದ್ದಾಗ ಗೊತ್ತಾಗುತ್ತದೆ. ಒದ್ದೆ ಶೂವಿನೊಳಗೆ ಪೇಪರ್ ತುರುಕಿಡಿ, ಎರಡು ಗಂಟೆಗೊಮ್ಮೆ ಬದಲಿಸಿ, ಮಾರನೇ ದಿನಕ್ಕೆ ಒಣಗಿರುತ್ತದೆ.

ವಾರಕ್ಕೆ ನಾಲ್ಕು ದಿನ ಓಟ ಸಾಕು. ಮಂಗಳವಾರ, ಗುರುವಾರ 6ರಿಂದ 10 ಕಿ.ಮೀ., ಮಾತಾಡುತ್ತಾ ಓಡಬಹುದಾದಷ್ಟು ನಿಧಾನ. ಶನಿವಾರ ದೂರದ ಓಟ, ಭಾನುವಾರ ದಣಿದ ಕಾಲಲ್ಲೇ ಅದರ ಅರ್ಧ. ಈ ಶನಿ ಭಾನು ಜೋಡಿಯೇ ಅಲ್ಟ್ರಾದ ಜೀವ. ಮೊದಲ ತಿಂಗಳು ಶನಿವಾರ 14, ಭಾನುವಾರ 7ರಿಂದ ಶುರು ಮಾಡಿ ಡಿಸೆಂಬರ್ ಮಧ್ಯಕ್ಕೆ 35 ಮತ್ತು 15ಕ್ಕೆ ಬಂದರೆ ಆಯಿತು. ಪ್ರತಿ ನಾಲ್ಕನೇ ವಾರ ದೂರವನ್ನು ಮೂರನೇ ಒಂದರಷ್ಟು ಇಳಿಸಿ. ಕೊನೆಯ ಮೂರು ವಾರ ಇಳಿಸುತ್ತಾ ಬನ್ನಿ. ಒಮ್ಮೆಯಾದರೂ 50 ಓಡಿ ನೋಡಬೇಕಲ್ಲ ಎನಿಸುತ್ತದೆ, ಬೇಡ. 35 ಮಾಡಿದವರಿಗೆ 50 ಬರುತ್ತದೆ.

ಬುಧವಾರ ಅರ್ಧ ಗಂಟೆ ಕಾಲಿನ ಕಸರತ್ತು. ಮೆಟ್ಟಿಲಿನ ಅಂಚಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು, ಒಂಟಿ ಕಾಲಲ್ಲಿ ಕೂತೇಳುವುದು. ಮಂಗಳೂರಿನವರಿಗೆ ಕದ್ರಿ ಏರು, ಮಣಿಪಾಲದವರಿಗೆ ಇಡೀ ಮಣಿಪಾಲವೇ ಇದೆ.

ಮತ್ತೆ ನಡೆಯುವುದನ್ನು ಕಲಿಯಿರಿ. ಇದು ತಮಾಷೆ ಅಲ್ಲ. ನಾನು 8 ನಿಮಿಷ ಓಡಿ 2 ನಿಮಿಷ ನಡೆಯುತ್ತೇನೆ, ಮೊದಲ ಕಿಲೋಮೀಟರಿನಿಂದಲೇ. ಸುಸ್ತಾದ ಮೇಲೆ ನಡೆಯುವ ಎಂದುಕೊಂಡವರು 35ರ ಹತ್ತಿರ ನಡೆಯಲೂ ಆಗದೆ ಕೂತುಬಿಡುತ್ತಾರೆ.

ಶೂ ಅರ್ಧ ಸೈಜ್ ದೊಡ್ಡದಿರಲಿ, ಪಾದ ಊದುತ್ತದೆ. ಓಟಕ್ಕೆ ಹೊಸ ಶೂ ಬೇಡ, ಕನಿಷ್ಠ 80 ಕಿ.ಮೀ. ತುಳಿದದ್ದಿರಲಿ. ಉಗುರು ಮೂರು ದಿನ ಮೊದಲು ಕತ್ತರಿಸಿ.

ಹೆಜ್ಜೆ 5: ನೀರು, ಉಪ್ಪು, ಗಂಜಿ

ಕರಾವಳಿಯಲ್ಲಿ ಓಡುವವರನ್ನು ಕೆಡವುವುದು ಬಿಸಿಲಿಗಿಂತ ಮೊದಲು ತೇವ. ಗಾಳಿಯಲ್ಲಿ ಆಗಲೇ ಇಷ್ಟೊಂದು ನೀರಿರುವಾಗ ಬೆವರು ಆರುವುದಿಲ್ಲ, ಸುಮ್ನೆ ಹರಿದು ಬೀಳುತ್ತದೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬೆಂಗಳೂರಿನಲ್ಲಿ ನಿಮ್ಮ ವೇಗ ಏನಿತ್ತೋ ಅದನ್ನು ಇಲ್ಲಿ ಮರೆತುಬಿಡಿ.

ಮೊದಲು ನಿಮ್ಮ ಬೆವರು ಅಳೆಯಿರಿ. ಓಡುವ ಮೊದಲು ಬಟ್ಟೆ ಇಲ್ಲದೆ ತೂಕ, ಒಂದು ಗಂಟೆ ಓಡಿ ಒರೆಸಿಕೊಂಡು ಮತ್ತೆ ತೂಕ. ನನ್ನದು 68.4 ಇದ್ದದ್ದು 67.3 ಆಯಿತು, ನಡುವೆ ಅರ್ಧ ಲೀಟರ್ ಕುಡಿದಿದ್ದೆ. ಅಂದರೆ ಗಂಟೆಗೆ 1.6 ಲೀಟರ್ ಬೆವರು. ಇದನ್ನು ನೋಡಿ ನಾನು ಮಾಡಿದ ತಪ್ಪು ಏನೆಂದರೆ, ಹೋದದ್ದನ್ನೆಲ್ಲ ವಾಪಸು ತುಂಬಲು ಹೊರಟದ್ದು. ನವೆಂಬರಿನ ಒಂದು ದೂರದ ಓಟದಲ್ಲಿ ನಾಲ್ಕು ಗಂಟೆ ಬರೀ ನೀರು, ನೀರು, ನೀರು. ಮನೆಗೆ ಬಂದು ಉಂಗುರ ತೆಗೆಯಲು ನೋಡಿದರೆ ಬರುವುದಿಲ್ಲ. ಬೆರಳು ಬನ್ಸ್ ಹಿಟ್ಟಿನ ಹಾಗೆ ಉಬ್ಬಿದೆ. ತಲೆನೋವು, ವಾಕರಿಕೆ. ತೂಕ ನೋಡಿದರೆ ಹೊರಟಾಗಿನದ್ದಕ್ಕಿಂತ 600 ಗ್ರಾಂ ಜಾಸ್ತಿ! ರಕ್ತದಲ್ಲಿನ ಸೋಡಿಯಂ ನೀರಲ್ಲಿ ತೆಳುವಾಗಿ ಹೋಗುವ ಸ್ಥಿತಿ ಇದು. ಜಾಸ್ತಿಯಾದರೆ ಗೊಂದಲ, ಫಿಟ್ಸ್, ಜೀವಕ್ಕೇ ಅಪಾಯ. ಅಂಥವರಿಗೆ "ಪಾಪ, ಸುಸ್ತಾಗಿದೆ" ಎಂದು ಇನ್ನಷ್ಟು ನೀರು ಕುಡಿಸಬಾರದು, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಹಾಗಾಗಿ ಬಾಯಾರಿಕೆ ಆದಾಗ ಕುಡಿಯಿರಿ, ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಆಸುಪಾಸು, ಬರೀ ನೀರು ಬೇಡ, ಉಪ್ಪಿರಲಿ. ಡಬ್ಲ್ಯೂಎಚ್‌ಒ ಸೂತ್ರದ ಓಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ 20.5 ಗ್ರಾಂ ಇರುತ್ತದೆ, ಅದರಲ್ಲಿ ಉಪ್ಪು 2.6 ಗ್ರಾಂ. ಮೆಡಿಕಲ್‌ನಲ್ಲಿ ಸೂತ್ರದ ಹೆಸರು ಓದಿಯೇ ತೆಗೆದುಕೊಳ್ಳಿ, ಹಣ್ಣಿನ ರುಚಿಯ ಸಿಹಿ ಡಬ್ಬಿಗಳು ಅದಲ್ಲ. ಬೊಂಡದ ನೀರು (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಒಂದು ಚಿಟಿಕೆ ಉಪ್ಪು ಹಾಕಿ ಕುಡಿಯಿರಿ.

ತಿನ್ನುವುದು ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಜೆಲ್ ಪೊಟ್ಟಣಗಳು ಸಿಗುತ್ತವೆ, ದುಬಾರಿ, ನನ್ನ ಹೊಟ್ಟೆಗೆ ಮೂರನೆಯದು ಹೋಗುವುದಿಲ್ಲ. ನನ್ನ ಮೇಜಿನಲ್ಲಿ ಇದ್ದದ್ದು ಬಾಳೆಹಣ್ಣು, ನೆಲಗಡಲೆ ಚಿಕ್ಕಿ, ಬೆಲ್ಲದ ತುಂಡು, ಬೆಲ್ಲ ಹಾಕಿದ ಪುನರ್ಪುಳಿ (ಕೋಕಂ) ನೀರು, ಮತ್ತು ಎಲ್ಲಕ್ಕಿಂತ ಮೇಲೆ, ಮೆತ್ತಗೆ ಬೇಯಿಸಿದ ಕುಚ್ಚಲಕ್ಕಿ ಗಂಜಿ. ಮೂರನೇ ಸುತ್ತು ಮುಗಿಯುವಾಗ ಸಿಹಿ ಕಂಡರೆ ಆಗುವುದಿಲ್ಲ. ಆಗ ಸ್ಟೀಲಿನ ಲೋಟದಲ್ಲಿ ಉಗುರು ಬೆಚ್ಚಗಿನ ಗಂಜಿ, ಎರಡು ಬೆರಳ ಚಿಟಿಕೆ ಉಪ್ಪು, ನಾಲಗೆ ತುದಿಗೆ ಮಿಡಿ ಉಪ್ಪಿನಕಾಯಿಯ ರಸ. ಅದು ಗಂಟಲಲ್ಲಿ ಇಳಿಯುವಾಗ ಕಣ್ಣು ತೆರೆಯುತ್ತದೆ. ಏನೇ ತಿನ್ನುವುದಿದ್ದರೂ ಶನಿವಾರದ ಓಟದಲ್ಲಿ ಮೊದಲೇ ತಿಂದು ನೋಡಿರಬೇಕು. ಗೋಳಿಬಜೆ ಪ್ರಯೋಗ ನಾನು ಮಾಡಿದ್ದೇನೆ, ನೀವು ಮಾಡಬೇಡಿ.

ನೋವಿನ ಮಾತ್ರೆ ಕಿಸೆಯಲ್ಲೇ ಬೇಡ. ಬೆವರಿ ಒಣಗಿದ ಮೈಗೆ ಐಬುಪ್ರೊಫೇನ್ ಹಾಕಿದರೆ ಕಿಡ್ನಿಗೆ ಪೆಟ್ಟು. ಡಯಾಲಿಸಿಸ್‌ನವರಿಗೆ ಹಣ ಕೂಡಿಸಲು ಹೋಗಿ ಅದೇ ಸಾಲಿನಲ್ಲಿ ನಿಲ್ಲುವುದು ಬೇಡ ಅಲ್ವಾ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಓಟ ಅಲ್ಲಿಗೇ ಮುಗಿಯಿತು, ಆಸ್ಪತ್ರೆ.

ಹೆಜ್ಜೆ 6: ಕೇಳುವುದು

ಒಂದು ಹಳೇ ನೋಟ್ ಪುಸ್ತಕ ತೆಗೆದುಕೊಂಡು ಹೆಸರು ಬರೆಯಿರಿ. ನೆಂಟರು, ಶಾಲೆಯ ಗೆಳೆಯರು, ಆಫೀಸಿನವರು, ಹಳೇ ಆಫೀಸಿನವರು, ಯುವಕ ಮಂಡಲ, ಮಹಿಳಾ ಮಂಡಳಿ, ನಿಮ್ಮ ಸೊಸೈಟಿಯ ಅಧ್ಯಕ್ಷರು, ಮೀನು ತರುವ ಅಕ್ಕ. ನನ್ನದು 137 ಆಯಿತು. ಪಕ್ಕದಲ್ಲಿ ನಾಲ್ಕು ಕಾಲಂ: ಕೇಳಿದ ದಿನ, ಎರಡನೇ ಸಲ, ಬಂದ ಹಣ, ರಸೀದಿ.

ವಾಟ್ಸಾಪ್ ಗುಂಪಿನಲ್ಲಿ ಹಾಕಿ ಕೂತರೆ ಹೆಬ್ಬೆರಳು ಬರುತ್ತದೆ, ಹಣ ಬರುವುದಿಲ್ಲ. ಇನ್ನೂರು ಜನರನ್ನು ಒಟ್ಟಿಗೆ ಕೇಳಿದರೆ ಯಾರನ್ನೂ ಕೇಳಿದ ಹಾಗಾಗುವುದಿಲ್ಲ. ಒಬ್ಬೊಬ್ಬರಿಗೇ, ಹೆಸರು ಹಿಡಿದು ಬರೆಯಿರಿ. ಹಿರಿಯರಿಗೆ ಫೋನ್, ಹತ್ತಿರದವರ ಮನೆಗೇ ಹೋಗಿ. ನಾನು ಕಳಿಸಿದ್ದು ಇಷ್ಟು:

"ಸುರೇಶಣ್ಣ, ಹೇಗಿದ್ದೀರಿ? ನಮ್ಮ ಕಡೆಯ ಐದು ಜನ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗಬೇಕು. ಒಂದು ಸಲ ಹೋಗಿ ಬರಲು 300 ರೂಪಾಯಿ ಬೇಕು, ಅದಿಲ್ಲದೆ ಕೆಲವೊಮ್ಮೆ ತಪ್ಪಿಸುತ್ತಾರೆ. ಜನವರಿಯಲ್ಲಿ ನಾನು ಇವರಿಗಾಗಿ ಪಡುಕೆರೆಯಲ್ಲಿ 50 ಕಿ.ಮೀ. ಓಡುತ್ತಿದ್ದೇನೆ. ನೀವು ಒಬ್ಬರ ಒಂದು ತಿಂಗಳ (ಎಂಟು ಸಲದ) ದಾರಿ ಖರ್ಚು, 2,400 ಕೊಡಲು ಆಗ್ತದಾ? ಆಗದಿದ್ದರೆ ಒಂದು ಸಲದ್ದಾದರೂ ಸರಿ. ಹಣ ನೇರ ಟ್ರಸ್ಟಿಗೆ ಹೋಗುತ್ತದೆ, ರಸೀದಿ ಬರುತ್ತದೆ."

ಗಮನಿಸಿ, ಓಟ ಬಂದದ್ದು ಮೂರು ವಾಕ್ಯ ಆದಮೇಲೆ. ಅಂಕಿಯನ್ನು ನಾನೇ ಹೇಳಿದೆ. "ನಿಮಗೆ ತೋಚಿದಷ್ಟು" ಎಂದರೆ ಪಾಪ ಅವರಿಗೂ ಕಷ್ಟ, ಕಡಿಮೆ ಆಯಿತೋ ಜಾಸ್ತಿ ಆಯಿತೋ ಎಂದು.

ಕಿಲೋಮೀಟರಿಗೆ ಇಷ್ಟು ಎಂದು ಮಾತು ತೆಗೆದುಕೊಳ್ಳುವ ಪದ್ಧತಿಯೂ ಇದೆ, ಕಿ.ಮೀ.ಗೆ 20 ಎಂದರೆ 50ಕ್ಕೆ ಸಾವಿರ. ಕೇಳಲು ಚೆಂದ. ಆದರೆ ಓಟ ಮುಗಿದ ಮೇಲೆ ಸಾಲ ವಸೂಲಿ ಮಾಡಿದ ಹಾಗೆ ತಿರುಗಬೇಕಾಗುತ್ತದೆ. ಮತ್ತೆ 38ಕ್ಕೆ ಕಾಲು ಹಿಡಿದರೆ, ಆ 12 ಕಿಲೋಮೀಟರಿನ ಹಣಕ್ಕೋಸ್ಕರ ಕುಂಟುತ್ತಾ ಓಡುವ ಮೂರ್ಖತನಕ್ಕೆ ನಾವೇ ಬೀಳುತ್ತೇವೆ. ನಾನು ಮೊದಲೇ ತೆಗೆದುಕೊಳ್ಳುವವನು. ಓಟ ಅರ್ಧಕ್ಕೆ ನಿಂತರೂ ಹಣ ವಾಪಸಿಲ್ಲ ಎಂದು ಮೊದಲೇ ಹೇಳಿಬಿಡಿ, ಯಾರೂ ಬೇಜಾರು ಮಾಡುವುದಿಲ್ಲ.

ಮೊದಲ ಹಣ ನಿಮ್ಮದೇ ಇರಲಿ, ಆಮೇಲೆ ಮನೆಯವರದ್ದು. ಸೊನ್ನೆ ಇರುವ ಕಡೆ ಮೊದಲು ಹಾಕಲು ಎಲ್ಲರಿಗೂ ಸಂಕೋಚ. ತಿಂಗಳ 1ರಿಂದ 7ರೊಳಗೆ ಕೇಳಿ. ಚೌತಿ, ದೀಪಾವಳಿ ವಾರ ಬಿಟ್ಟುಬಿಡಿ, ಆಗ ಎಲ್ಲರ ಬಾಗಿಲಿಗೂ ರಸೀದಿ ಪುಸ್ತಕ ಹಿಡಿದವರು ಬಂದು ಹೋಗಿರುತ್ತಾರೆ. ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಇನ್ನೊಮ್ಮೆ. ನನಗೆ ಬಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಎರಡನೇ ಸಲ ಕೇಳಿದ ಮೇಲೆ ಬಂದದ್ದು. ಮೂರನೇ ಸಲ ಓಟದ ಹಿಂದಿನ ದಿನ. ಅಲ್ಲಿಗೆ ಸಾಕು, ನಾಲ್ಕನೇ ಸಲ ಕೇಳಿದರೆ ನೆಂಟಸ್ತಿಕೆ ಹೋಗುತ್ತದೆ.

ಎರಡನೇ ವರ್ಷ ದೊಡ್ಡಮ್ಮ ಮತ್ತೆ ಅದೇ ಪ್ರಶ್ನೆ ಕೇಳಿದರು. "ಬಸ್ಸಿಗೇ ಕೊಡಿ ದೊಡ್ಡಮ್ಮ" ಎಂದೆ, ಯಾರ ಬಸ್ಸು ಎಂದು ಹೇಳಿದೆ. ಅವರಿಗೆ ಗೊತ್ತಿರುವ ಒಬ್ಬರು ಹಾಗೆ ಹೋಗುವವರಿದ್ದರು. ಒಂದು ತಿಂಗಳದ್ದು ಕೊಟ್ಟರು, ಅವರ ಮಹಿಳಾ ಮಂಡಳಿಯಿಂದ ಇನ್ನೂ ಆರು ತಿಂಗಳದ್ದು ಮಾಡಿಸಿದರು.

ಹೆಜ್ಜೆ 7: ಆ ರಾತ್ರಿ

ರಾತ್ರಿ 1ಕ್ಕೆ ಶುರು. ಒಂದು ಸುತ್ತಿಗೆ 90 ನಿಮಿಷ, ನಡುವೆ 10 ನಿಮಿಷ ಮೇಜಿನ ಹತ್ತಿರ. ಮೂರು ಸುತ್ತು 5:50ಕ್ಕೆ ಮುಗಿದರೆ, ಬೆಳಕು ಹರಿಯುವಾಗ ನಾಲ್ಕನೆಯದು, 9:10ರ ಸುಮಾರಿಗೆ ಎಲ್ಲ ಮುಗಿಯುತ್ತದೆ, ಬಿಸಿಲು ಏರುವ ಮೊದಲು. ಜನ ಬರುವುದು ಕೊನೆಯ ಎರಡು ಸುತ್ತಿಗೆ. ಅವರಿಗೆ ಆರು ಗಂಟೆಗೇ ಬನ್ನಿ ಎಂದು ಹೇಳಿ, ಏಳಕ್ಕೆ ಬರುತ್ತಾರೆ.

ಕನಿಷ್ಠ ಮೂರು ಜನ ಜೊತೆಗಿರಲಿ. ಮೇಜಿನ ಹತ್ತಿರ ಒಬ್ಬರು, ಬೈಕಿನಲ್ಲಿ ಹಿಂದೆ ಮುಂದೆ ಒಬ್ಬರು, ಕಾರಿನೊಂದಿಗೆ ಒಬ್ಬರು. ಮಿಂಚುವ ಪಟ್ಟಿಯ ಜಾಕೆಟ್ ಹಾಕಿ, ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಿ. ಮೂರು ಗಂಟೆಗೆಲ್ಲ ಮಲ್ಪೆ ಬಂದರಿನ ಕಡೆ ಬೈಕುಗಳು ಹೊರಡುತ್ತವೆ. ಒಬ್ಬರು ನಿಲ್ಲಿಸಿ "ಎಲ್ಲಿಗೆ ಬಿಡಬೇಕು?" ಎಂದು ಕೇಳಿದರು, ಪಾಪ, ಬಸ್ಸು ತಪ್ಪಿದವನೆಂದುಕೊಂಡಿರಬೇಕು.

ನಾಯಿ ಬಂದರೆ ಓಡಬೇಡಿ. ನಿಂತುಬಿಡಿ, ಟಾರ್ಚ್ ನೆಲಕ್ಕೆ ತಿರುಗಿಸಿ, ನಿಧಾನ ನಡೆದು ದಾಟಿ. ಕಚ್ಚಿದರೆ ಗಾಯವನ್ನು ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ರೇಬಿಸ್ ಲಸಿಕೆ ಶುರು ಮಾಡಿಸಿ. ಓಟ ಮತ್ತೆ ನೋಡುವ.

ಜೊತೆಗಿದ್ದವರಿಗೆ ಒಂದು ಅಧಿಕಾರ ಮೊದಲೇ ಬರೆದುಕೊಡಿ: ಅವರು ನಿಲ್ಲಿಸು ಎಂದರೆ ನಿಲ್ಲಿಸಬೇಕು. ಪ್ರತಿ ಸುತ್ತಿಗೆ ಅವರು ನಿಮ್ಮ ಮನೆಯ ಫೋನ್ ನಂಬರ್ ಕೇಳಲಿ. ತಡವರಿಸಿದರೆ, ತೂರಾಡಿದರೆ, ಮೈ ಸುಡುತ್ತಿದ್ದರೆ ನೆರಳಿಗೆ ಮಲಗಿಸಿ ತಲೆ, ಕುತ್ತಿಗೆ, ಕಂಕುಳಿಗೆ ಐಸ್, ಮೈಯೆಲ್ಲ ತಣ್ಣೀರು, 108ಕ್ಕೆ ಫೋನ್. ಐಸಿಗೆ ಮಲ್ಪೆಯಲ್ಲಿ ಬರ ಇಲ್ಲ, ಮೀನಿನ ಪೆಟ್ಟಿಗೆಯೊಂದರಲ್ಲಿ ತುಂಬಿಸಿಡಿ. ನನ್ನ ಮೇಜಿನ ಕೆಳಗಿದ್ದ ಪೆಟ್ಟಿಗೆಗೆ ಬಂಗುಡೆ ವಾಸನೆ ಇತ್ತು, ನಾಲ್ಕನೇ ಸುತ್ತಿಗೆ ಅದೂ ಪರಿಮಳವೇ.

ಹೆಜ್ಜೆ 8: ಮುಗಿದ ಮೇಲೆ

ಕೂಡಲೇ ಕೂರಬೇಡಿ, ಹತ್ತು ನಿಮಿಷ ನಡೆಯಿರಿ, ಒಂದು ಗಂಟೆಯೊಳಗೆ ಗಂಜಿ ಊಟ. ಎರಡು ದಿನ ಮೆಟ್ಟಿಲು ಹಿಂದಕ್ಕೆ ತಿರುಗಿ ಇಳಿಯಿರಿ, ನಗುವವರು ನಗಲಿ. ಒಂದು ವಾರ ಓಟ ಇಲ್ಲ.

ಅವತ್ತೇ ಸಂಜೆ, ಎಷ್ಟೇ ನಿದ್ದೆ ಬಂದರೂ, ಕೊಟ್ಟವರಿಗೂ ಕೊಡದವರಿಗೂ ಒಂದು ಫೋಟೋ, ಎರಡು ಸಾಲು. ಕೊಡದವರಲ್ಲಿ ಕೆಲವರು ಆಗ ಕೊಡುತ್ತಾರೆ, ನನಗೆ ಹಾಗೆ 11,500 ಬಂತು. ಹದಿನೈದು ದಿನದೊಳಗೆ ಟ್ರಸ್ಟಿನಿಂದ ಲೆಕ್ಕ ತೆಗೆದುಕೊಂಡು ಎಲ್ಲರಿಗೂ ಕಳಿಸಿ, ಗುರಿ ಮುಟ್ಟದಿದ್ದರೆ ಮುಟ್ಟಲಿಲ್ಲ ಎಂದೇ ಬರೆಯಿರಿ. ನನ್ನದು 7,300 ಕಡಿಮೆ ಬಿತ್ತು. ಆರು ತಿಂಗಳಾದ ಮೇಲೆ ಎಷ್ಟು ಸಲದ ಖರ್ಚು ಹೋಗಿದೆ ಎಂದು ಇನ್ನೊಮ್ಮೆ ತಿಳಿಸಿ. ರೋಗಿಗಳ ಮುಖ, ಹೆಸರು ಎಲ್ಲೂ ಹಾಕಬೇಡಿ.

ರಸೀದಿಯ ಕಾಲಂ ಎಲ್ಲದಕ್ಕಿಂತ ಕೊನೆಗೆ ತುಂಬುತ್ತದೆ. ನನ್ನ ಪುಸ್ತಕದಲ್ಲಿ ಇನ್ನೂ ಏಳು ಹೆಸರು ಬಾಕಿ ಇದೆ, ಅದರಲ್ಲೊಂದು ದೊಡ್ಡಮ್ಮನದು. ಪ್ಯಾನ್ ಕಾರ್ಡ್ ಅಕ್ಕಿ ಡಬ್ಬಿಯ ಕೆಳಗೆ ಇಟ್ಟದ್ದು ನೆನಪಿದೆಯಂತೆ, ಯಾವ ಮನೆಯ ಅಕ್ಕಿ ಡಬ್ಬಿ ಎಂದು ನೆನಪಿಲ್ಲವಂತೆ.